ಒಂದು ಬೆರಳು ಡೀಸೆಲ್

ಗೋಣಿಬೀಡು,
೧೭ನೇ ಫೆಬ್ರವರಿ ೧೯೯೯, ಬುಧವಾರ

ಚಾರ್ಮಾಡಿ ಘಾಟಿಯ ಸಮಸ್ತ ತಿರುವುಗಳ ಒಡೆಯರೂ, ಎದುರಿಗೆ ಬಂದ ಬಸ್ಸುಗಳಿಗೆ ಹಿಂದೆ ಸರಿಯುವ ವಿನಯ ಕಲಿಸಿದವರೂ, ಏರ್ ಹಾರ್ನ್ ವಾದನದಲ್ಲಿ ಮೂಡಿಗೆರೆ ತಾಲ್ಲೂಕಿನಲ್ಲೇ ಸರಿಸಾಟಿಯಿಲ್ಲದವರೂ, ಪ್ರಸ್ತುತ ಸಂಸೆ ಸಂಸ್ಥಾನದಲ್ಲಿ ಪರರ ಜೀಪಿನ ಮೇಲೆ ಆರೂಢರಾಗಿ ಅಜ್ಞಾತವಾಸ ನಡೆಸುತ್ತಿರುವವರೂ ಆದ ಮಹಾರಾಜರಾಜಶ್ರೀ ದೇವರಾಜ ಚಿಕ್ಕಪ್ಪನವರ ದಿವ್ಯ ಪಾದಗಳಿಗೆ (ವಿಶೇಷವಾಗಿ ಆಕ್ಸಿಲರೇಟರ್ ಒತ್ತುವ ಬಲಪಾದಕ್ಕೆ), ಎರಡನೇ ಪಿಯುಸಿಯ ಭೌತಶಾಸ್ತ್ರ ಪರೀಕ್ಷೆಯನ್ನು ಎರಡು ಸಲ ಬರೆದು ಮೂರನೆಯ ಸಲಕ್ಕೆ ಸಜ್ಜಾಗುತ್ತಿರುವ ತಮ್ಮ ಅಣ್ಣನ ಮಗ ದರ್ಶನ್ ಮಾಡುವ ಸಾಷ್ಟಾಂಗ ನಮಸ್ಕಾರಗಳು.

ಮೊದಲು ಆರೋಗ್ಯದ ವಿಚಾರ. ನಿಮ್ಮ ಸೊಂಟ ಹೇಗಿದೆ? ಲಾರಿಯ ಸೀಟಿಗೆ ಹೊಂದಿಕೊಂಡ ಸೊಂಟ ಅದು. ಕುದುರೆಮುಖದ ಕಡೆಯ ರಸ್ತೆಯಲ್ಲಿ ಜೀಪಿನ ಕುಣಿತ ಅದಕ್ಕೆ ಒಗ್ಗುತ್ತದೆಯೇ ಎಂದು ಅಜ್ಜಿ ದಿನಕ್ಕೊಮ್ಮೆ ಕೇಳುತ್ತಾರೆ. ನಮಗೆ ಗೊತ್ತಿಲ್ಲದ್ದರಿಂದ ನಾವೆಲ್ಲ ಒಗ್ಗುತ್ತದೆ ಎನ್ನುತ್ತೇವೆ. ಇಲ್ಲಿ ಎಲ್ಲರೂ ಸೌಖ್ಯ ಎಂದು ಬರೆಯುವುದು ವಾಡಿಕೆ, ಅದಕ್ಕೆ ಬರೆದಿದ್ದೇನೆ, ಪೂರ್ತಿ ನಂಬಬೇಡಿ. ಅಜ್ಜಿಯ ಮಂಡಿ ಹಾಗೇ ಇದೆ. ಅಮ್ಮನಿಗೆ ಶೀತ. ಚಿಕ್ಕಮ್ಮ ಗಟ್ಟಿಯಾಗಿದ್ದಾರೆ, ಆದರೆ ನೀವು ಹೋದ ದಿನದಿಂದ ಅಪ್ಪನ ಜೊತೆ ಮಾತು ಬಿಟ್ಟಿದ್ದರು. ಊಟಕ್ಕೆ ಕರೆಯುವ ಬದಲು ಸ್ಟೀಲ್ ತಟ್ಟೆಯನ್ನು ಮೇಜಿನ ಮೇಲೆ ಸ್ವಲ್ಪ ಜೋರಾಗಿ ಇಡುತ್ತಿದ್ದರು, ಅಪ್ಪ ಆ ಸದ್ದಿಗೆ ಎದ್ದು ಬರುವುದನ್ನು ರೂಢಿ ಮಾಡಿಕೊಂಡರು. ಒಂದು ದಿನ ಸಂಜೆ ನಾಲ್ಕು ಗಂಟೆಗೆ ನಾನು ಸುಮ್ಮನೆ ಒಂದು ತಟ್ಟೆ ಕುಟ್ಟಿ ನೋಡಿದೆ. ಅಪ್ಪ ಕೈ ತೊಳೆದುಕೊಂಡು ಬಂದು ಕೂತುಬಿಟ್ಟರು. ನಗು ಬರಲಿಲ್ಲ ಚಿಕ್ಕಪ್ಪ. ಬರಬೇಕಾಗಿತ್ತು, ಬರಲಿಲ್ಲ. ಅವರಿಗೆ ಎರಡು ಬಾಳೆಹಣ್ಣು ಕೊಟ್ಟು ಎಬ್ಬಿಸಿದೆ.

ಈಗ ವಿಷಯಕ್ಕೆ ಬರುತ್ತೇನೆ. ಇದರಲ್ಲಿ ನಿಮಗೆ ಗೊತ್ತಿರುವ ಸಂಗತಿಗಳನ್ನೂ ನಿಮಗೇ ಬರೆಯಬೇಕಾಗಿದೆ. ಇದನ್ನು ಪತ್ರವೆಂದು ತಿಳಿಯದೆ ಒಂದು ವರದಿಯೆಂದು ತಿಳಿಯಿರಿ. ವರದಿಯೆಂದರೆ ಮೊದಲಿನಿಂದ ಕ್ರಮವಾಗಿ ಇರಬೇಕಾದದ್ದು. ಇಷ್ಟಕ್ಕೂ ಈ ಒಂದು ತಿಂಗಳಲ್ಲಿ ನನ್ನ ತಲೆ ಎಷ್ಟು ಕಲಸಿಹೋಗಿದೆ ಎಂದರೆ, ಮೊದಲಿನಿಂದ ಹೇಳಿಕೊಂಡು ಬರದಿದ್ದರೆ ಕೊನೆಗೆ ಏನಾಯಿತೆಂದು ನನಗೇ ಮರೆತುಹೋಗುತ್ತದೆ.

ಆರು ವರ್ಷಗಳಿಂದ ಈ ಮನೆಯ ಲಾರಿಯನ್ನು ಓಡಿಸುತ್ತಿದ್ದವರು ತಾವು. ಇಲ್ಲಿಂದ ಮಂಗಳೂರಿಗೆ ಕಾಫಿ, ಅಲ್ಲಿಂದ ಇಲ್ಲಿಗೆ ಗೊಬ್ಬರವೋ ಹೆಂಚೋ. ವಾಪಸು ಬರುವಾಗ ಘಾಟಿಯ ಕೆಳಗೆ ಟ್ಯಾಂಕ್ ತುಂಬಿಸಿಕೊಳ್ಳುವುದು ನಿಮ್ಮ ಪದ್ಧತಿ. ಆರು ವರ್ಷ ಆ ಟ್ಯಾಂಕಿನೊಳಗೆ ಯಾರೂ ಇಣುಕಿ ನೋಡಿರಲಿಲ್ಲ. ಹೋದ ನವೆಂಬರಿನಲ್ಲಿ ಅಪ್ಪ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಕೆಲಸದಿಂದ ನಿವೃತ್ತರಾದರು. ಮೂವತ್ತೊಂದು ವರ್ಷ ಕಾಫಿ ಹಣ್ಣು ಅಳೆದು, ಅದರ ಒಣಬೀಜವಾದ ಪಾರ್ಚ್‌ಮೆಂಟ್ ಅಳೆದು, ಮಳೆ ಅಳೆದು, ಆಳುಗಳು ಬಂದ ಹೊತ್ತನ್ನೂ ಅಳೆದ ಮನುಷ್ಯನಿಗೆ ಮನೆಯಲ್ಲಿ ಅಳೆಯಲು ಏನೂ ಸಿಗಲಿಲ್ಲ. ಮೊದಲ ವಾರ ಅಡುಗೆಮನೆಯ ಸಕ್ಕರೆ ಡಬ್ಬಕ್ಕೆ ಕೈ ಹಾಕಿದರು, ಅಮ್ಮ ಓಡಿಸಿದರು. ಆಗ ಅವರ ಕಣ್ಣು ಲಾರಿಯ ಮೇಲೆ ಬಿತ್ತು. ಸೊರಗಿದ ಕಾಫಿ ಗಿಡದ ನೇರವಾದ ಕೊಂಬೆಯೊಂದನ್ನು ತಂದು, ಸಿಪ್ಪೆ ಕೆರೆದು, ಕ್ಯಾನಿನಿಂದ ಟ್ಯಾಂಕಿಗೆ ಸುರಿಯುತ್ತಾ ಚಾಕುವಿನಿಂದ ಗೀರು ಹಾಕಿ ಅಳತೆಕೋಲು ಮಾಡಿದರು. ಒಂದು ಬೆರಳಗಲ ಎಂದರೆ ನಾಲ್ಕೂವರೆ ಲೀಟರ್. ಸಂಜೆ ಲಾರಿ ಬಂದ ಕೂಡಲೇ ಒಮ್ಮೆ ಅದ್ದಿ ನೋಡುವುದು, ಬೆಳಿಗ್ಗೆ ಹೊರಡುವ ಮುಂಚೆ ಇನ್ನೊಮ್ಮೆ ಅದ್ದಿ ನೋಡುವುದು. ಅದ್ದಿದ ಕೋಲನ್ನು ಅವರು ಮೂಗಿನ ಹತ್ತಿರ ಹಿಡಿದು ನೋಡುತ್ತಿದ್ದ ಗಾಂಭೀರ್ಯ ನಿಮಗೆ ನೆನಪಿರಬಹುದು. ನೀವು ನಕ್ಕಿದ್ದಿರಿ. ನಾನೂ ನಕ್ಕಿದ್ದೆ.

ಬೆಳಿಗ್ಗೆಯ ಗುರುತು ಸಂಜೆಯ ಗುರುತಿಗಿಂತ ಕೆಳಗೆ ಬರತೊಡಗಿತು. ಪ್ರತಿ ಸಲವೂ. ಸರಿಯಾಗಿ ಒಂದು ಬೆರಳು. ಲಾರಿ ಅಂಗಳದಲ್ಲಿ ನಿಂತಲ್ಲೇ ನಿಂತಿದೆ, ಎಂಜಿನ್ ಆರಿದೆ, ಲೋಡು ಇರುವ ದಿನ ಕಾವಲಿಗೆಂದು ನೀವು ಅದರಲ್ಲೇ ಮಲಗುತ್ತೀರಿ. ಅಪ್ಪ ಎರಡು ತಿಂಗಳು ಬಾಯಿ ಬಿಡಲಿಲ್ಲ. ಜನವರಿ ಇಪ್ಪತ್ತೈದನೇ ತಾರೀಕು ಬೆಳಿಗ್ಗೆ, ಕೆಂಚಯ್ಯ ಮೇಸ್ತ್ರಿ ಮತ್ತು ಅವನ ನಾಲ್ಕು ಜನ ಮೂಟೆ ಹೇರಲು ನಿಂತಿದ್ದಾಗ, ಅಷ್ಟೂ ಜನರ ಎದುರು ಕೋಲೆತ್ತಿ ಹಿಡಿದರು. "ಇದು ನಿನ್ನೆ ಸಂಜೆದು. ಇದು ಈಗಿಂದು. ಮಧ್ಯದಲ್ಲಿ ಲಾರೀಲಿ ಇದ್ದವನು ನೀನೊಬ್ಬನೇ ದೇವರಾಜ." ನೀವು ಕೋಲನ್ನು ನೋಡಲಿಲ್ಲ, ಅಪ್ಪನ ಮುಖವನ್ನೇ ನೋಡಿದಿರಿ. ಕೀಲಿಯನ್ನು ಬಾನೆಟ್ ಮೇಲೆ ಇಟ್ಟು, "ಅಳೆದಿದ್ದು ಸಾಕಾಯ್ತಾ ಅಣ್ಣ?" ಎಂದು ಕೇಳಿ, ಏಳೂವರೆ ಬಸ್ಸಿಗೆ ನಡೆದಿರಿ. ಚಪ್ಪಲಿ ಕೂಡ ಲಾರಿಯಲ್ಲೇ ಉಳಿಯಿತು. ಅದನ್ನು ನಾನು ಒರೆಸಿ ಇಟ್ಟಿದ್ದೇನೆ.

ಹತ್ತು ದಿನ ಬಿಟ್ಟು ನೀವು ಕಳಸ ಬಸ್ಸಿನ ಕಂಡಕ್ಟರ್ ಮೂಲಕ ಹೇಳಿ ಕಳಿಸಿದ ಮಾತು ತಲುಪಿತು. ಎಲ್ಲಿ ಹೇಳಿದರೋ ಅಲ್ಲೇ ನಿಂತು, ಯಾರ ಎದುರು ಹೇಳಿದರೋ ಅವರ ಎದುರೇ ಅಣ್ಣ ಅದನ್ನು ವಾಪಸು ತೆಗೆದುಕೊಳ್ಳಬೇಕು. ಯುಗಾದಿಯೊಳಗೆ ಆಗದಿದ್ದರೆ ಕೃಷ್ಣಮ್ಮ ಚಿಕ್ಕಮ್ಮನನ್ನೂ ಸಂಸೆಗೆ ಕರೆಸಿಕೊಂಡು ಬೇರೆ ಒಲೆ ಹೂಡುತ್ತೇನೆ ಎಂದಿದ್ದಿರಿ. ಚಿಕ್ಕಮ್ಮ ಅದನ್ನು ಕೇಳಿ ಅಟ್ಟದಿಂದ ಟ್ರಂಕ್ ಇಳಿಸಿ ಒರೆಸಿದರು, ಅಷ್ಟೇ. ಅಜ್ಜಿ ಆ ಟ್ರಂಕಿನ ಮೇಲೆ ಹೋಗಿ ಕೂತರು. ಈಗಲೂ ದಿನದ ಬಹುಪಾಲು ಅಲ್ಲೇ ಕೂತಿರುತ್ತಾರೆ, ಮಂಡಿಗೆ ಆ ಎತ್ತರ ಅನುಕೂಲ ಎನ್ನುತ್ತಾರೆ.

ನಿಮ್ಮ ಜಾಗಕ್ಕೆ ತಾತ್ಕಾಲಿಕವಾಗಿ ಬಂದವನು ಮೂಡಿಗೆರೆಯ ಬೆಳ್ಳಿಯಪ್ಪ. ನಿಮಗೆ ಗೊತ್ತಿರುವವನೇ, ಮೀಸೆ ದೊಡ್ಡದು, ಬ್ರೇಕ್ ಕಮ್ಮಿ. ಅವನು ಮೊದಲ ಸಲ ಮಂಗಳೂರಿಗೆ ಹೋಗಿಬಂದ ಮರುದಿನ ಬೆಳಿಗ್ಗೆ ಅಪ್ಪ ಕೋಲು ಅದ್ದಿದರು. ಒಂದು ಬೆರಳು ಇಲ್ಲ. ಅಪ್ಪ ಬೆಳ್ಳಿಯಪ್ಪನನ್ನು ಒಂದು ನಮೂನೆ ನೋಡಿದರು. ಅವನು ನಿಮ್ಮ ಹಾಗೆ ಕೀಲಿ ಇಟ್ಟು ಹೋಗುವ ಜಾತಿಯಲ್ಲ. ಅಂಗಳದಲ್ಲೇ ಚಕ್ಕಳಮಕ್ಕಳ ಹಾಕಿ ಕೂತು, "ನಂಗೆ ಚಾ ಕುಡಿಯೋ ಅಭ್ಯಾಸ ಉಂಟು ಗೌಡ್ರೇ, ಡೀಸೆಲ್ ಕುಡಿಯೋ ಅಭ್ಯಾಸ ಇಲ್ಲ. ಟ್ಯಾಂಕಿಗೆ ಬೀಗ ಹಾಕಿ, ಕೀಲಿ ನಿಮ್ಮ ಸೊಂಟಕ್ಕೆ ಕಟ್ಕೊಳಿ, ನಾನು ಮೂಡಿಗೆರೆಗೆ ಹೋಗಿ ಮಲಗ್ತೀನಿ" ಎಂದ. ಮುಂದಿನ ಟ್ರಿಪ್ಪಿನಲ್ಲಿ ಹಾಗೇ ಮಾಡಿದರು. ಸಂಜೆ ಅದ್ದಿ, ಬೀಗ ಹಾಕಿ, ಕೀಲಿಯನ್ನು ಉಡಿದಾರಕ್ಕೆ ಕಟ್ಟಿಕೊಂಡು ಮಲಗಿದರು. ಬೆಳಿಗ್ಗೆ ಅಪ್ಪನೇ ಬೀಗ ತೆಗೆದು ಕೋಲು ಇಳಿಸಿದರು. ಒಂದು ಬೆರಳು ಇಲ್ಲ. ಅಪ್ಪ ಕೋಲನ್ನು ತಿರುಗಿಸಿ ನೋಡಿದರು, ಒರೆಸಿ ಮತ್ತೆ ಅದ್ದಿದರು. ಆಗ ಜಗುಲಿಯಲ್ಲಿ ಅಕ್ಕಿ ಆರಿಸುತ್ತಿದ್ದ ಚಿಕ್ಕಮ್ಮ, ಹನ್ನೆರಡು ದಿನಗಳ ನಂತರ ಮೊದಲ ಸಲ ಅಪ್ಪನ ಜೊತೆ ಮಾತಾಡಿದರು. ಮೊರದಿಂದ ತಲೆ ಎತ್ತದೆ, ತೀರಾ ಮೆತ್ತಗೆ, "ಭಾವ, ಈ ಸಲ ಕೀಲಿ ನಿಮ್ಮ ಹತ್ರಾನೇ ಇತ್ತಲ್ಲ" ಎಂದರು.

ಇಲ್ಲಿಗೆ ಮುಗಿಯಬೇಕಾಗಿತ್ತು ಎಂದು ನೀವು ಹೇಳುತ್ತೀರಿ. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಅಪ್ಪ ರೈಟರ್. ಬರೆದದ್ದನ್ನು ಹೊಡೆದುಹಾಕಬೇಕಾದರೆ ಪಕ್ಕದಲ್ಲಿ ಕಾರಣ ಬರೆದು ಸಹಿ ಮಾಡದೆ ಅವರ ಕೈ ಓಡುವುದಿಲ್ಲ. "ಕಳ್ಳ ಇಲ್ಲ ಅಂತಾದ್ರೆ ಡೀಸೆಲ್ ಎಲ್ಲಿಗೆ ಹೋಯ್ತು ಅಂತ ಗೊತ್ತಾಗ್ಬೇಕು. ಗೊತ್ತಾಗದೆ ನಾನು ಏನನ್ನೂ ವಾಪಸ್ ತಗೊಳಲ್ಲ" ಎಂದರು. ಅಲ್ಲಿಂದ ನಮ್ಮ ಮನೆಯಲ್ಲಿ ಮಹಾ ಗೊಂದಲದ ಪರ್ವ ಶುರುವಾಯಿತು. ಮೊದಲು ಟ್ಯಾಂಕ್ ಸೋರುತ್ತಿದೆ ಎಂದಾಯಿತು. ಅಪ್ಪ ಲಾರಿಯ ಕೆಳಗೆ ಹಳೆಯ ಕ್ಯಾಲೆಂಡರುಗಳನ್ನು ಹಾಸಿದರು. ಬೆಳಿಗ್ಗೆ ಅವುಗಳ ಮೇಲೆ ಇಬ್ಬನಿ ಇತ್ತು, ಒಂದು ಕೋಳಿ ಇತ್ತು, ಡೀಸೆಲ್ ಕಲೆ ಇರಲಿಲ್ಲ. ಆಮೇಲೆ ಅಂಗಳ ವಾಲಿದೆ ಎಂದಾಯಿತು. ಲಾರಿಯನ್ನು ಕಾಫಿ ಒಣಗಿಸುವ ಕಣಕ್ಕೆ ಒಯ್ದು, ಮಟ್ಟ ನೋಡಿ ನಿಲ್ಲಿಸಿದರು. ಅಲ್ಲೂ ಒಂದು ಬೆರಳು. ಆಮೇಲೆ ಕೋಲೇ ಡೀಸೆಲ್ ಕುಡಿಯುತ್ತಿದೆ ಎಂದಾಯಿತು. ಅಷ್ಟು ಕುಡಿಯಬೇಕಾದರೆ ಆ ಕೋಲು ಬೆಳ್ಳಿಯಪ್ಪನ ತೊಡೆಯಷ್ಟು ದಪ್ಪ ಇರಬೇಕಿತ್ತು ಎಂದು ನಾನು ವಿನಯಪೂರ್ವಕವಾಗಿ ನಿವೇದಿಸಿದೆ. ಅಪ್ಪ ಆ ಕೋಲನ್ನೇ ನನ್ನ ಕಡೆಗೆ ಬೀಸಿದರು.

ಸತ್ಯವನ್ನು ಮೊದಲು ಹೇಳಿದವರು ಅಜ್ಜಿ, ಅದೂ ಟ್ರಂಕಿನ ಮೇಲೆ ಕೂತಲ್ಲಿಂದಲೇ. ಲಾರಿ ಬಂದಾಗ ಅದು ಬಿಸಿಯಿರುತ್ತದೋ ಎಂದು ಕೇಳಿದರು. ಏನು ಬಿಸಿ ಎಂದರು ಅಪ್ಪ. ಅದೇ ನಿನ್ನ ಎಣ್ಣೆ ಎಂದರು ಅಜ್ಜಿ. "ಕಾಯ್ದಾಗ ಹಾಲು ಪಾತ್ರೆ ಕಂಠದವರೆಗೆ ಬರ್ತದೆ, ಆರಿದ ಮೇಲೆ ಇಳೀತದೆ. ಅರವತ್ತು ವರ್ಷದಿಂದ ನೋಡ್ತಾ ಇದ್ದೀನಿ ಮಾರಾಯ, ಒಂದು ದಿನಾನೂ ಸೊಸೆಯರನ್ನು ಕಳ್ಳಿ ಅಂದಿಲ್ಲ." ಅಪ್ಪ ಇದನ್ನು ಹೆಂಗಸರ ಮಾತು ಎಂದು ತಳ್ಳಿಹಾಕಲು ಹೊರಟರು, ಆದರೆ ಅಮ್ಮ, ಚಿಕ್ಕಮ್ಮ ಇಬ್ಬರೂ ಬಾಗಿಲಲ್ಲಿ ನಿಂತಿದ್ದರು. ಹಾಗಾಗಿ ತಳ್ಳಿಹಾಕದೆ ವಾದಕ್ಕೆ ಇಳಿದರು. ಎಂಜಿನ್ ಬಿಸಿಯಾಗುವುದು ಸರಿ, ಉರಿಯುವುದು ಅಲ್ಲೇ. ಟ್ಯಾಂಕ್ ಇರುವುದು ಪಕ್ಕದಲ್ಲಿ, ಗಾಳಿಗೆ ತೂಗಿಕೊಂಡು. ಘಾಟಿಯ ಗಾಳಿ ಬಡಿಯುತ್ತಾ ಬಂದ ಟ್ಯಾಂಕಿನಲ್ಲಿ ಡೀಸೆಲ್ ಎಂತಕ್ಕೆ ಬಿಸಿಯಾಗಬೇಕು? ಎಷ್ಟು ಬಿಸಿಯಾಗುತ್ತದೆ? ಯಾರಾದರೂ ಅಳೆದಿದ್ದಾರಾ?

ನೋಡಿ, ಈ ಕೊನೆಯ ಪ್ರಶ್ನೆಗೆ ಉತ್ತರ ಕೊಡಬಲ್ಲವರು ನೀವೊಬ್ಬರೇ ಎಂದು ನನಗೆ ಆಗ ಹೊಳೆಯಿತು. ಘಾಟಿ ಹತ್ತಿ ಕೊಟ್ಟಿಗೆಹಾರದಲ್ಲಿ ಚಾಕ್ಕೆ ನಿಲ್ಲಿಸಿದಾಗ ನೀವು ಟ್ಯಾಂಕಿನ ಮೇಲೆ ಅಂಗೈ ಇಟ್ಟು ಒಂದು ಕ್ಷಣ ನಿಲ್ಲುತ್ತಿದ್ದಿರಿ. ಎಮ್ಮೆಯ ಮೈ ಮುಟ್ಟಿದ ಹಾಗೆ. ನಾನು ಜೊತೆಗೆ ಬಂದಾಗಲೆಲ್ಲ ನೋಡಿದ್ದೇನೆ, ಏಕೆ ಎಂದು ಕೇಳಿಲ್ಲ. ನೀವಿಲ್ಲದ್ದರಿಂದ ಬೆಳ್ಳಿಯಪ್ಪನನ್ನು ಕೇಳಿದೆ. ಅವನು ಬಾನೆಟ್ ಎತ್ತಿ ಒಂದು ಸಣ್ಣ ಪೈಪ್ ತೋರಿಸಿದ. ಪಂಪು ಟ್ಯಾಂಕಿನಿಂದ ಎಳೆದುಕೊಳ್ಳುವ ಡೀಸೆಲನ್ನೆಲ್ಲ ಎಂಜಿನ್ ಸುಡುವುದಿಲ್ಲವಂತೆ. ಬೇಕಾದಷ್ಟು ಸುಟ್ಟು, ಉಳಿದದ್ದು ಎಂಜಿನ್ನಿನ ಮೈಗೆ ತಾಗಿ ಕಾದುಕೊಂಡು, ಆ ರಿಟರ್ನ್ ಪೈಪಿನಲ್ಲಿ ಮತ್ತೆ ಟ್ಯಾಂಕಿಗೇ ಬರುತ್ತದಂತೆ. ದಿನವಿಡೀ ಹೀಗೆ ಹೋಗಿ ಬಂದು, ಹೋಗಿ ಬಂದು, ಟ್ಯಾಂಕಿನಲ್ಲಿರುವುದೆಲ್ಲ ಬಿಸಿಯಾಗುತ್ತದೆ. ಮೇಲಿಂದ ಕೆಳಗಿನ ಸೀಮೆಯ ಬಿಸಿಲು ಬೇರೆ. ಎಷ್ಟು ಬಿಸಿ ಎಂದು ಕೇಳಿದರೆ, "ಕೈ ಇಡಬಹುದು, ಆದ್ರೆ ಇಟ್ಕೊಂಡು ಕೂರಕ್ಕಾಗಲ್ಲ" ಎಂದ. ಅಪ್ಪನಿಗೆ ಈ ಅಳತೆ ಒಪ್ಪಿಗೆಯಾಗಲಿಲ್ಲ.

ನನಗೂ ಎಲ್ಲ ಒಪ್ಪಿಗೆಯಾಗಿದೆ ಎಂದು ತಿಳಿಯಬೇಡಿ. ಒಂದು ದಿನ ಅವಸರದಲ್ಲಿ ಬೆಳ್ಳಿಯಪ್ಪ ಕೆಳಗೆ ತುಂಬಿಸದೆ ಅರ್ಧಕ್ಕಿಂತ ಕಮ್ಮಿ ಟ್ಯಾಂಕಿನಲ್ಲಿ ಬಂದಿದ್ದ. ಅವತ್ತು ಟ್ಯಾಂಕ್ ಮುಟ್ಟಿದರೆ ಬೇರೆ ದಿನಕ್ಕಿಂತ ಹೆಚ್ಚು ಸುಡುತ್ತಿತ್ತು. ಆದರೆ ಬೆಳಿಗ್ಗೆ ಇಳಿದದ್ದು ಅರ್ಧ ಬೆರಳು ಮಾತ್ರ. ಹೆಚ್ಚು ಬಿಸಿಯಾದರೆ ಹೆಚ್ಚು ಇಳಿಯಬೇಕಲ್ಲ? ಕಮ್ಮಿ ಇದ್ದದ್ದಕ್ಕೆ ಬೇಗ ಕಾಯಿತು, ಕಮ್ಮಿ ಇದ್ದದ್ದಕ್ಕೇ ಕಮ್ಮಿ ಕುಗ್ಗಿತು ಎಂದು ಬೆಳ್ಳಿಯಪ್ಪ ಹೇಳಿದ. ಹೇಳುವಾಗ ಅರ್ಥವಾಯಿತು. ಸ್ನಾನ ಮಾಡಿ ಬರುವಷ್ಟರಲ್ಲಿ ಮತ್ತೆ ಅರ್ಥವಾಗದೆ ಹೋಯಿತು. ಈಗ ಬರೆಯುವಾಗ ಅರ್ಧ ಅರ್ಥವಾಗಿದೆ. ಬಂದ ಮೇಲೆ ನೀವು ಇದನ್ನು ನನಗೆ ಬಿಡಿಸಿ ಹೇಳಬೇಕು.

ಸರಿ, ವರದಿ ಮುಂದುವರಿಯುತ್ತದೆ. ಯಾರಾದರೂ ಅಳೆದಿದ್ದಾರಾ ಎಂಬ ಪ್ರಶ್ನೆಗೆ ಈ ವಂಶದಲ್ಲಿ ಭೌತಶಾಸ್ತ್ರದೊಂದಿಗೆ ಅತಿ ದೀರ್ಘ ಒಡನಾಟ ಇರುವ ವ್ಯಕ್ತಿಯೇ ಉತ್ತರಿಸಬೇಕೆಂದು ನಾನು ನಿರ್ಧರಿಸಿದೆ. ನನಗೆ ಎರಡು ವರ್ಷ ಪಾಠ ಮಾಡಿ ಸೋತ ರಮಾಕಾಂತ ಮೇಷ್ಟ್ರ ಬಳಿಗೆ ಮೂಡಿಗೆರೆಗೆ ಹೋದೆ. ನನ್ನನ್ನು ಕಂಡ ಕೂಡಲೇ ಅವರು ಮತ್ತೆ ಪರೀಕ್ಷೆ ಕಟ್ಟಿದೆಯಾ ಎಂದು ಸಂಕಟದಿಂದ ಕೇಳಿದರು. ಇಲ್ಲ ಸಾರ್, ಡೀಸೆಲ್ ಎಂದೆ. ಕಥೆಯನ್ನು ಪೂರ್ತಿ ಕೇಳಿ ಅವರ ಮುಖ ಬೆಳಗಿತು. ಇಷ್ಟು ವರ್ಷದಲ್ಲಿ ತರಗತಿಯ ಹೊರಗೆ ಯಾರೂ ಅವರನ್ನು ಒಂದು ಪ್ರಶ್ನೆ ಕೇಳಿರಲಿಲ್ಲವೋ ಏನೋ. ಸಾವಿರ ಲೀಟರ್ ಡೀಸೆಲ್ ಒಂದು ಡಿಗ್ರಿ ತಣ್ಣಗಾದರೆ ಸುಮಾರು ಎಂಟುನೂರು ಮಿಲಿ ಕುಗ್ಗುತ್ತದೆಂದು ಚೀಟಿಯಲ್ಲಿ ಬರೆದುಕೊಟ್ಟರು. ನಮ್ಮ ಟ್ಯಾಂಕಿನ ನೂರೈವತ್ತು ಲೀಟರಿಗೆ ಎಷ್ಟು ಎಂದು ನನ್ನಿಂದಲೇ ಲೆಕ್ಕ ಮಾಡಿಸಿದರು. ಡಿಗ್ರಿಗೆ ನೂರಿಪ್ಪತ್ತು ಮಿಲಿ. ಮೊದಲ ಸಲವೇ ಸರಿಯಾಯಿತು, ಇಬ್ಬರಿಗೂ ಆಶ್ಚರ್ಯವಾಯಿತು. ಕೊನೆಗೆ ಪ್ರಯೋಗಾಲಯದ ಕಪಾಟು ತೆಗೆದು, ಒಂದು ಉದ್ದನೆಯ ಗಾಜಿನ ಥರ್ಮಾಮೀಟರನ್ನು ಹತ್ತಿಯಲ್ಲಿ ಸುತ್ತಿ, ಹಸುಗೂಸನ್ನು ಕೊಡುವ ಹಾಗೆ ನನ್ನ ಎರಡೂ ಕೈಗಳ ಮೇಲೆ ಇಟ್ಟರು. ವಾರದೊಳಗೆ ವಾಪಸು ಕೊಡಬೇಕೆಂದು ಎರಡು ಸಲ ಹೇಳಿದರು.

ಹೋದ ಶುಕ್ರವಾರ, ಫೆಬ್ರವರಿ ಹನ್ನೆರಡು, ಸಂಜೆ ಐದೂಕಾಲಕ್ಕೆ ಬೆಳ್ಳಿಯಪ್ಪ ಲಾರಿಯನ್ನು ಮತ್ತೆ ಅಂಗಳಕ್ಕೇ ತಂದು ನಿಲ್ಲಿಸಿದ. ಪ್ರಯೋಗಕ್ಕೆ ಸಾಕ್ಷಿಗಳಾಗಿ ಕೆಂಚಯ್ಯ ಮೇಸ್ತ್ರಿಯನ್ನೂ ಅವನ ಅದೇ ನಾಲ್ಕು ಜನರನ್ನೂ ನಾನು ಮೊದಲೇ ಕರೆಸಿದ್ದೆ. ನಿಮ್ಮ ಷರತ್ತಿನಲ್ಲಿ ಯಾರ ಎದುರು ಎಂಬುದು ಸ್ಪಷ್ಟವಾಗಿತ್ತಲ್ಲ. ನಾನು ಇಸ್ತ್ರಿ ಮಾಡಿದ ಬಿಳಿ ಶರ್ಟ್ ಹಾಕಿದ್ದೆ. ಅಪ್ಪ ಕೋಲು ಅದ್ದಿ ಗುರುತು ಮಾಡಿದರು. ಆಮೇಲೆ ನಾನು ಥರ್ಮಾಮೀಟರಿಗೆ ದಾರ ಕಟ್ಟಿ ಟ್ಯಾಂಕಿನ ಬಾಯಿಯಿಂದ ಒಳಗೆ ಇಳಿಬಿಟ್ಟೆ. ಎರಡು ನಿಮಿಷ ದಾರ ಹಿಡಿದು ನಿಂತೆ. ಬೀಡಿ ಹಚ್ಚಲು ಹೋದ ಕೆಂಚಯ್ಯನನ್ನು ಬೆಳ್ಳಿಯಪ್ಪ ಬೈದು ಹಿಂದಕ್ಕೆ ಕಳಿಸಿದ. ಅನಂತರ ಮೇಲೆತ್ತಿ, ನೆರಳು ಬೀಳದ ಹಾಗೆ ಎಲ್ಲರಿಗೂ ಬೆನ್ನು ತಿರುಗಿಸಿ ನಿಂತು ಓದಿದೆ. ಐವತ್ತೆರಡು ಡಿಗ್ರಿ. ಅಪ್ಪ ತೋರಿಸು ಎಂದು ಕೈ ಚಾಚಿದರು. ಸರ್ಕಾರಿ ಉಪಕರಣವನ್ನು ಅನಧಿಕೃತರು ಮುಟ್ಟುವಂತಿಲ್ಲವೆಂದು ಗಂಭೀರವಾಗಿ ಹೇಳಿ ಹತ್ತಿಯಲ್ಲಿ ಸುತ್ತಿಟ್ಟೆ. ಸರ್ಕಾರಿ ಎಂಬ ಶಬ್ದ ಕೇಳಿದ ಕೂಡಲೇ ಅಪ್ಪ ಕೈ ಹಿಂದಕ್ಕೆ ತೆಗೆದುಕೊಂಡರು. ಬೀಗ ಹಾಕಿ ಕೀಲಿಯನ್ನು ಚಿಕ್ಕಮ್ಮನ ಕೈಗೆ ಕೊಟ್ಟೆವು.

ಶನಿವಾರ ಬೆಳಿಗ್ಗೆ ಮಂಜು ಇನ್ನೂ ಅಂಗಳದ ಮೇಲೇ ಇತ್ತು. ಅದೇ ಜನ, ಕಂಬಳಿ ಹೊದ್ದುಕೊಂಡು. ಚಿಕ್ಕಮ್ಮ ಬೀಗ ತೆಗೆದರು. ನಾನು ಅದ್ದಿ, ಬೆನ್ನು ತಿರುಗಿಸಿ, ಓದಿದೆ. ಹದಿನೈದು ಡಿಗ್ರಿ. ಕಳೆದರೆ ಮೂವತ್ತೇಳು. ಮೂವತ್ತೇಳನ್ನು ನೂರಿಪ್ಪತ್ತರಿಂದ ಗುಣಿಸಿ ಎಂದು ಅಪ್ಪನ ಕೈಗೆ ಸೀಮೆಸುಣ್ಣ ಕೊಟ್ಟೆ. ಅಪ್ಪ ಲಾರಿಯ ಹಿಂಬಾಗಿಲಿನ ಮೇಲೆ ಬರೆದು ಗುಣಿಸಿದರು, ಮತ್ತೊಮ್ಮೆ ಗುಣಿಸಿದರು. ನಾಲ್ಕು ಸಾವಿರದ ನಾನೂರ ನಲವತ್ತು ಮಿಲಿ. ನಾಲ್ಕೂವರೆ ಲೀಟರಿಗೆ ಅರವತ್ತು ಮಿಲಿ ಕಮ್ಮಿ. ಆಮೇಲೆ ಕೋಲು ಅದ್ದಿದರು. ಒಂದು ಬೆರಳು ಇಳಿದಿತ್ತು. ಅವರು ಕೋಲನ್ನೂ ಹಿಂಬಾಗಿಲನ್ನೂ ಬಹಳ ಹೊತ್ತು ಬದಲಾಯಿಸಿ ಬದಲಾಯಿಸಿ ನೋಡಿದರು. ಅಷ್ಟು ಹೊತ್ತು ಅವರ ಮುಖವನ್ನು ನಾನು ಎಂದೂ ನೋಡಿದವನಲ್ಲ ಚಿಕ್ಕಪ್ಪ. ಮೂವತ್ತೊಂದು ವರ್ಷ ಸರಿಯಾಗಿ ಅಳೆದವರು, ಸರಿಯಾಗಿಯೇ ಅಳೆದು ತಪ್ಪಿದ್ದರು. ಅದನ್ನು ಎಲ್ಲಿ ಇಡುವುದೆಂದು ಅವರಿಗೆ ತಿಳಿಯಲಿಲ್ಲ. ಕೆಂಚಯ್ಯ ಕಂಬಳಿಯೊಳಗಿಂದಲೇ, "ಹಂಗಾರೆ ದೇವರಾಜಣ್ಣ ತೆಗ್ದಿಲ್ಲ ಅಂತಾಯ್ತಲ್ಲ ಗೌಡ್ರೇ" ಎಂದ. ಚಿಕ್ಕಮ್ಮ ಬೀಗವನ್ನು ಕೈಯಲ್ಲಿ ಹಿಡಿದೇ ನಿಂತಿದ್ದರು. ಕೊನೆಗೆ ಅಪ್ಪ, ಎಲ್ಲರಿಗೂ ಕೇಳುವ ಹಾಗೆ, "ತೆಗ್ದಿಲ್ಲ. ನಾನು ಹೇಳಿದ್ದು ತಪ್ಪು" ಎಂದರು. ಎಲ್ಲಿ ಹೇಳಿದ್ದರೋ ಅಲ್ಲೇ, ಯಾರ ಎದುರು ಹೇಳಿದ್ದರೋ ಅವರ ಎದುರೇ. ಬೆಳ್ಳಿಯಪ್ಪ ತನ್ನ ಕೆಲಸ ಮುಗಿಯಿತೆಂದು ಟವೆಲ್ ಕೊಡವಿಕೊಂಡು ಮೂಡಿಗೆರೆಗೆ ಹೊರಟ. ಲಾರಿ ಅವತ್ತಿನಿಂದ ಅಂಗಳದಲ್ಲೇ ನಿಂತಿದೆ.

ಹಾಗಾಗಿ ನಿಮ್ಮ ಷರತ್ತು ಪೂರ್ತಿಯಾಗಿ ಈಡೇರಿದೆ. ಅವತ್ತು ಮಧ್ಯಾಹ್ನ ಚಿಕ್ಕಮ್ಮ ತಟ್ಟೆ ಕುಟ್ಟಲಿಲ್ಲ, "ಭಾವ, ಊಟಕ್ಕೆ ಬನ್ನಿ" ಎಂದರು. ಅಪ್ಪ ಬಂದು ಕೂತು, ಮೊದಲ ತುತ್ತಿಗೇ ಮೆಣಸು ಜಾಸ್ತಿ ಎಂದು ಕಣ್ಣು ಒರೆಸಿಕೊಂಡರು. ಅವತ್ತು ಮಾಡಿದ್ದು ಸೌತೆಕಾಯಿಯ ಮಜ್ಜಿಗೆ ಹುಳಿ.

ಈ ಭಾನುವಾರ ಬೆಳಿಗ್ಗೆಯ ಬಸ್ಸಿಗೆ ಅಪ್ಪ ಸಂಸೆಗೆ ಬರುತ್ತಾರೆ. ನಿಮ್ಮನ್ನು ಕರೆಯಲು ಬಂದೆ ಎಂದು ಅವರು ಹೇಳುವುದಿಲ್ಲ. ಕಾಳುಮೆಣಸಿನ ಒಳ್ಳೆಯ ಬಳ್ಳಿ ಆ ಕಡೆ ಸಿಗುತ್ತದಂತೆ, ನೋಡಿಕೊಂಡು ಬರುತ್ತೇನೆ ಎಂದು ಮನೆಯಲ್ಲಿ ಹೇಳಿದ್ದಾರೆ. ಮಳೆಗಾಲದಲ್ಲಿ ನೆಡುವ ಮೆಣಸಿನ ಬಳ್ಳಿಯನ್ನು ಫೆಬ್ರವರಿಯ ಬಿಸಿಲಲ್ಲಿ ತರಲು ಹೋಗುವ ರೈಟರನ್ನು ನೀವೆಲ್ಲಿಯಾದರೂ ಕಂಡಿದ್ದೀರಾ? ಆದರೂ ನಂಬಿದ ಹಾಗೆ ಮಾಡಿ. ನಾಲ್ಕು ಬಳ್ಳಿ ಕೊಡಿಸಿ. ಆಮೇಲೆ ಬಳ್ಳಿಯ ಕಟ್ಟನ್ನು ಹೊರಲು ಒಬ್ಬರು ಬೇಕೆಂದು ನೀವೇ ಜೊತೆಗೆ ಹೊರಟುಬಿಡಿ. ಅವರ ಚೀಲದಲ್ಲಿ ನಿಮ್ಮ ಚಪ್ಪಲಿ ಇರುತ್ತದೆ, ನಾನೇ ಇಟ್ಟಿದ್ದೇನೆ. ಎಪ್ಪತ್ತು ಮೂಟೆ ಪಾರ್ಚ್‌ಮೆಂಟ್ ಮಂಗಳೂರಿಗೆ ಹೋಗಲು ಕಾಯುತ್ತಿದೆ, ಸೋಮವಾರ ಬೆಳಿಗ್ಗೆ ನೀವೇ ತೆಗೆದುಕೊಂಡು ಹೋಗುತ್ತೀರೆಂದು ಅಪ್ಪ ಕೆಂಚಯ್ಯನಿಗೆ ಆಗಲೇ ಹೇಳಿದ್ದಾರೆ, ನಿಮ್ಮನ್ನು ಕೇಳುವುದಕ್ಕೂ ಮೊದಲು. ಚಿಕ್ಕಮ್ಮ ಏನಾದರೂ ಹೇಳುವುದಿದೆಯೇ ಎಂದು ಕೇಳಿದೆ. ಟ್ರಂಕನ್ನು ಮತ್ತೆ ಅಟ್ಟಕ್ಕೆ ಹಾಕಲು ಒಬ್ಬಳಿಂದ ಆಗುವುದಿಲ್ಲ ಎಂದು ಬರಿ ಎಂದರು. ಅಜ್ಜಿ ತಮ್ಮ ಆಶೀರ್ವಾದ ತಿಳಿಸಿದ್ದಾರೆ, ಸೊಂಟಕ್ಕೆ ಹಚ್ಚಿಕೊಳ್ಳಲು ಎಣ್ಣೆಯನ್ನೂ ಕಳಿಸುತ್ತಾರೆ. ಬಿಸಿ ಮಾಡಿ ಹಚ್ಚಬೇಕಂತೆ. ಅಳೆಯುವುದೇನೂ ಬೇಡವಂತೆ.

ಇಂತಿ ತಮ್ಮ ವಿಧೇಯನೂ, ಈ ಮನೆತನದ ಆಸ್ಥಾನ ವಿಜ್ಞಾನಿಯೂ ಆದ,
ದರ್ಶನ್ ಚನ್ನಕೇಶವ

ಮರೆತಿದ್ದೆ. ಇಲ್ಲ, ಮರೆತಿರಲಿಲ್ಲ. ಕಳಸ ಬಸ್ಸು ಬಂದು ನಿಂತಿದೆ, ಕಂಡಕ್ಟರ್ ಚಾ ಕುಡಿದು ಮುಗಿಸುವಷ್ಟು ಹೊತ್ತು ಮಾತ್ರ ಇದೆ. ಬಂದ ಮೇಲೆ ಲಾರಿ ಸ್ಟಾರ್ಟ್ ಮಾಡುವ ಮೊದಲು ಟ್ಯಾಂಕ್ ಪೂರ್ತಿ ಖಾಲಿ ಮಾಡಿಸಿ ತೊಳೆಸಿ. ಅಪ್ಪನ ಹತ್ತಿರ ಏನಾದರೂ ನೆಪ ಹೇಳಿ. ಟ್ಯಾಂಕಿನಲ್ಲಿ ಗಾಜಿನ ಚೂರು ಇದೆ, ಪಾದರಸವೂ ಇದೆ. ಶುಕ್ರವಾರ ಸಂಜೆ ಇಳಿಬಿಟ್ಟ ಕೂಡಲೇ ಥರ್ಮಾಮೀಟರ್ ಒಳಗಿನ ತಗಡಿಗೆ ತಾಗಿ ಮುರಿಯಿತು. ದಾರದಲ್ಲಿ ಮೇಲೆ ಬಂದದ್ದು ನಾಲ್ಕು ಇಂಚಿನ ಖಾಲಿ ಗಾಜು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಒಂದು ಬೆರಳಿಗೆ ಮೂವತ್ತೇಳು ಡಿಗ್ರಿ ಬೇಕೆಂದು ಮೇಷ್ಟ್ರ ಚೀಟಿ ಇಟ್ಟುಕೊಂಡು ಹಿಂದಿನ ದಿನವೇ ಲೆಕ್ಕ ಹಾಕಿದ್ದೆ. ಐವತ್ತೆರಡು ಎಂದುಬಿಟ್ಟೆ. ಅದನ್ನು ಹೇಳಿದ ಮೇಲೆ ಬೆಳಿಗ್ಗೆ ಹದಿನೈದು ಹೇಳದೆ ವಿಧಿಯಿರಲಿಲ್ಲ. ಕೋಲು ಹೇಳಿದ್ದು ನಿಜ, ಬೀಗವೂ ನಿಜ, ಅಪ್ಪ ಹೇಳಿದ್ದೂ ನಿಜ. ಡೀಸೆಲ್ ಎಷ್ಟು ಬಿಸಿಯಾಗುತ್ತದೆಂದು ಮಾತ್ರ ನನಗೆ ಗೊತ್ತಿಲ್ಲ ಚಿಕ್ಕಪ್ಪ.